ಒಂದೇ ಮಂಚಕ್ಕೆ ಬೇರೆ ನೀರು

ಆ ಗುರುವಾರ ಡಯಾಲಿಸಿಸ್ ಮುಗಿಸಿ ಬಂದ ತಮ್ಮ, ಚಪ್ಪಲಿ ಬಿಡುವುದಕ್ಕೂ ಬಾಗಿಲ ಚೌಕಟ್ಟು ಹಿಡಿದುಕೊಂಡ. ಮುಖ ಸುಣ್ಣ ಬಳಿದಂತಿತ್ತು. ಅಕ್ಕ ತೋಳು ಹಿಡಿದು ತಂದು ಕುರ್ಚಿಯಲ್ಲಿ ಕೂರಿಸಿದಳು. ಎರಡು ನಿಮಿಷ ಕಣ್ಣು ಮುಚ್ಚಿ ಸುಧಾರಿಸಿಕೊಂಡು ಅವನು ಎಂದಿನಂತೆ ತಮಾಷೆಗೆ ಇಳಿದ.

"ಪೈಪಲ್ಲಿ ಹೋಗ್ತಿದ್ದ ನನ್ನ ರಕ್ತ ನೀನು ನೋಡ್ಬೇಕಿತ್ತು ಅಕ್ಕಾ. ದ್ರಾಕ್ಷಿ ರಸದ ಬಣ್ಣ. ಲೋಟಕ್ಕೆ ಸುರಿದಿಟ್ಟಿದ್ರೆ ಬಂದ ನೆಂಟರು ಕುಡಿದು ಹೋಗ್ತಿದ್ರು."

ಅಕ್ಕನಿಗೆ ನಗು ಬರಲಿಲ್ಲ. ಅವನ ಮೂತ್ರಪಿಂಡಗಳೆರಡೂ ಕೈಕೊಟ್ಟು ಮೂರು ವರ್ಷವಾಗಿತ್ತು. ಮಂಗಳವಾರ, ಗುರುವಾರ, ಶನಿವಾರ ಸರ್ಕಾರಿ ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಿ ರಕ್ತ ತೊಳೆಸಿಕೊಂಡು ಬರುತ್ತಿದ್ದ. ಸುಸ್ತು ಆ ಮನೆಗೆ ಹೊಸದಲ್ಲ. ಆದರೆ ಮರುದಿನ ಬೆಳಿಗ್ಗೆ ಎದ್ದು ತನ್ನ ಕನ್ನಡಕದ ಅಂಗಡಿಯ ಬಾಗಿಲು ತೆಗೆಯುವಷ್ಟು ಕಸುವು ಯಾವಾಗಲೂ ಇರುತ್ತಿತ್ತು. ಈ ತಿಂಗಳು ಅದೂ ಇಲ್ಲ. ಹೊಟ್ಟೆನೋವು, ಏದುಸಿರು. ಚಿಕ್ಕ ಸ್ಕ್ರೂ ಹಿಡಿದ ಬೆರಳು ನಡುಗಿ ಗಿರಾಕಿಗಳ ಎರಡು ಕನ್ನಡಕ ಒಡೆದಿದ್ದವು. ಅವನ ಹೆಂಡತಿ ಅರ್ಧ ದಿನಕ್ಕೇ ಅಂಗಡಿಗೆ ಬೀಗ ಹಾಕತೊಡಗಿದ್ದಳು.

ಅಕ್ಕ ಇಪ್ಪತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವಳು. ಈಗ ಪ್ರಾಂತ್ಯದ ಸಭೆಯ ಸದಸ್ಯೆ. ಆದರೂ ಊರಿಗೂ ಸಭೆಗೂ ಅವಳು ಕಂಡಕ್ಟ್ರಕ್ಕನೇ. ಆಸ್ಪತ್ರೆ, ನೀರು, ಶಾಲೆ, ರಸ್ತೆಗಳನ್ನು ರಾಜಧಾನಿ ತನ್ನ ಕೈಯಿಂದ ಬಿಟ್ಟು ಪ್ರಾಂತ್ಯದ ಸರ್ಕಾರಕ್ಕೆ ವಹಿಸಿ ಒಂಬತ್ತು ವರ್ಷವಾಗಿತ್ತು. 'ಇನ್ನು ನಿಮ್ಮ ನಲ್ಲಿ ನಿಮ್ಮ ಕೈಯಲ್ಲಿ' ಎಂದು ಆಗ ಗೋಡೆಗೋಡೆಗೂ ಬರೆದಿದ್ದರು. ಆ ಸರ್ಕಾರದ ಕಿವಿ ಹಿಂಡಲೆಂದೇ ಸಭೆಯಲ್ಲಿ ಏಳು ಜನರ ಪರಿಶೀಲನಾ ಸಮಿತಿಯೊಂದಿತ್ತು. ಮಂತ್ರಿಯಾಗಲಿ ಅಧಿಕಾರಿಯಾಗಲಿ, ಕರೆಸಿ ಎದುರು ಕೂರಿಸಿಕೊಂಡು ಕೇಳುವ, ಬೇಕಾದ ಕಾಗದ ತರಿಸಿಕೊಳ್ಳುವ ಅಧಿಕಾರ ಅದಕ್ಕಿತ್ತು. ಕಂಡಕ್ಟ್ರಕ್ಕ ಆ ಏಳರಲ್ಲಿ ಒಬ್ಬಳು. ಗೆದ್ದದ್ದು ಆಳುವ ಪಕ್ಷದಿಂದ. ಜೀವಮಾನವೆಲ್ಲ ಟಿಕೆಟ್ ಕೊಟ್ಟವಳಿಗೆ ಕೊನೆಗೊಂದು ಟಿಕೆಟ್ ಸಿಕ್ಕಿತು ಎಂದು ತಮ್ಮ ಹಂಗಿಸುತ್ತಿದ್ದ.

ಶನಿವಾರ ಅವಳೇ ಅವನ ಜೊತೆ ಆಸ್ಪತ್ರೆಗೆ ಹೋದಳು. ಡಯಾಲಿಸಿಸ್ ಘಟಕ ಹಿಂಬದಿಯ ನೆಲಮಹಡಿಯಲ್ಲಿತ್ತು. ಎರಡು ಸಾಲಿನಲ್ಲಿ ಹನ್ನೆರಡು ಮಂಚ, ಪ್ರತಿ ಮಂಚದ ತಲೆದೆಸೆಗೆ ಒಂದು ಯಂತ್ರ, ಗೋಡೆಯೊಳಗಿಂದ ಯಂತ್ರಕ್ಕೆ ಬಂದ ನೀರಿನ ಕೊಳವೆ. ಸದ್ದಡಗಿಸಿದ ಟಿವಿಯಲ್ಲಿ ಯಾರೋ ಅಡುಗೆ ಹೇಳಿಕೊಡುತ್ತಿದ್ದರು. ಅಲ್ಲಿದ್ದ ಹನ್ನೆರಡು ಜನರಿಗೂ ವೈದ್ಯರು ಬೇಡ ಎಂದಿದ್ದ ಅಡುಗೆ. ಮೊದಲೆಲ್ಲ ನಾಲ್ಕನೇ ಮಂಚದ ನಿವೃತ್ತ ಮೇಷ್ಟ್ರು ಪತ್ರಿಕೆಯ ಪದಬಂಧವನ್ನು ಗಟ್ಟಿಯಾಗಿ ಓದಿ ಇಡೀ ವಾರ್ಡಿನಿಂದ ಉತ್ತರ ಹೇಳಿಸುತ್ತಿದ್ದರು. ಅವತ್ತು ಪತ್ರಿಕೆ ಮಡಿಸಿದಂತೆಯೇ ಅವರ ಎದೆಯ ಮೇಲಿತ್ತು. ಕಂಡಕ್ಟ್ರಕ್ಕ ಒಂದೊಂದೇ ಮುಖ ನೋಡುತ್ತ ಬಂದಳು. ಎಲ್ಲ ಮುಖಗಳೂ ಒಂದೇ ಬಣ್ಣಕ್ಕೆ ತಿರುಗಿದ್ದವು.

ಘಟಕದ ಟೆಕ್ನಿಷಿಯನ್ ಓದುವಾಗ ಅವಳ ಬಸ್ಸಿನಲ್ಲೇ ಓಡಾಡಿದವನು. ಕಣ್ಸನ್ನೆ ಮಾಡಿ ಅವಳನ್ನು ಹಿಂದಿನ ನೀರಿನ ಕೋಣೆಗೆ ಕರೆದೊಯ್ದು ಬಾಗಿಲು ಮುಚ್ಚಿದ. ಒಳಗೆ ಇದ್ದಿಲು ತುಂಬಿದ ಎರಡು ಎತ್ತರದ ಟ್ಯಾಂಕುಗಳು, ಮೋಟಾರಿನ ಗುಂಯ್ ಸದ್ದು. ಟ್ಯಾಂಕು ದಾಟಿ ಬಂದ ನೀರನ್ನು ಚಿಕ್ಕ ಗಾಜಿನ ಶೀಶೆಗೆ ಹಿಡಿದು, ಚಿಟಿಕೆ ಪುಡಿ ಹಾಕಿ ಅಲುಗಾಡಿಸಿದ. ನೀರು ನಿಧಾನಕ್ಕೆ ಗುಲಾಬಿ ಬಣ್ಣವಾಯಿತು.

"ಇದು ಬಣ್ಣ ತಿರುಗಬಾರದು ಅಕ್ಕಾ. ಇಪ್ಪತ್ತಾರು ದಿನದಿಂದ ಹೀಗೇ ಇದೆ."

ಅವನು ವಿವರಿಸಿದ್ದು ಇಷ್ಟು. ನೀರಿನ ಇಲಾಖೆ ಊರಿನ ನೀರಿಗೆ ಹಾಕುವ ಔಷಧಿಯನ್ನು ಬದಲಾಯಿಸಿದೆ. ಬರೀ ಕ್ಲೋರಿನ್ ಬಿಟ್ಟು, ಅದಕ್ಕೆ ಅಮೋನಿಯಾ ಸೇರಿಸಿದ್ದನ್ನು ಹಾಕುತ್ತಿದೆ. ಕುಡಿಯುವವರಿಗೆ ಅದರಿಂದ ತೊಂದರೆಯಿಲ್ಲ. ಆದರೆ ಡಯಾಲಿಸಿಸ್‌ನಲ್ಲಿ ನೀರು ಹೊಟ್ಟೆಗೆ ಹೋಗುವುದಿಲ್ಲ. ಒಂದು ತೆಳು ಪೊರೆಯಾಚೆ ರಕ್ತದ ಮಗ್ಗುಲಲ್ಲೇ ಹರಿಯುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಸಲಕ್ಕೆ ನೂರಿಪ್ಪತ್ತು ಲೀಟರ್. ಈ ಹೊಸ ಔಷಧಿ ಪೊರೆ ದಾಟಿದರೆ ರಕ್ತದ ಕಣಗಳು ಒಡೆಯುತ್ತವೆ. ಅದನ್ನು ತಡೆಯಬೇಕಾದ ಇದ್ದಿಲು ಹಳೆಯ ಔಷಧಿಯ ಲೆಕ್ಕಕ್ಕೆ ಹಾಕಿದ್ದು, ಸೋತುಹೋಗಿದೆ. ಅವನು ಮೇಲಿನವರಿಗೆ ಮೂರು ಪತ್ರ ಬರೆದಿದ್ದ. 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಮೂರು ಸಲವೂ ಬಂದಿತ್ತು.

ಹಾಗಾದರೆ ಯಂತ್ರ ಯಾಕೆ ನಿಲ್ಲಿಸಲಿಲ್ಲ ಎಂದು ಅವಳು ಕೇಳಿದಳು. ಅವನು ಶೀಶೆ ತೊಳೆಯುತ್ತ ತಲೆಯೆತ್ತದೆ ಹೇಳಿದ.

"ನಿಲ್ಲಿಸಿದ್ರೆ ಒಂದು ವಾರಕ್ಕೆ ಸಾಯ್ತಾರೆ. ನಡೆಸಿದ್ರೆ ಯಾವಾಗ ಅಂತ ಗೊತ್ತಿಲ್ಲ. ನಾನು ಯಾವುದನ್ನ ಆರಿಸ್ಲಿ?"

ಸೋಮವಾರ ಅವಳು ಸಮಿತಿಯ ಗುಮಾಸ್ತೆಯ ಮೇಜಿನ ಮುಂದೆ ಕೂತು ಎರಡು ಪುಟದ ಪ್ರಶ್ನೆ ಬರೆದುಕೊಟ್ಟಳು. ಗುಮಾಸ್ತೆ ಒಣಗಿದ ಕಡ್ಡಿಯಂಥ ಹೆಂಗಸು. ನಾಲ್ಕು ಸರ್ಕಾರ ಬಂದು ಹೋಗಿದ್ದನ್ನು ಅದೇ ಕುರ್ಚಿಯಿಂದ ನೋಡಿದವಳು. ಎರಡು ಪುಟವನ್ನೂ ಓದಿ, ಮಡಿಸಿ ಪಕ್ಕಕ್ಕಿಟ್ಟಳು. 'ಯಾಕೆ' ಎಂದು ಕೇಳಿದರೆ ಇಲಾಖೆಯವರು ಕಥೆ ಹೇಳುತ್ತಾರೆ, 'ಯಾವತ್ತು' ಎಂದು ಕೇಳಿ ಎಂದಳು. ಕೊನೆಗೆ ಪ್ರಶ್ನೆ ಒಂದೇ ಸಾಲಿಗೆ ಇಳಿಯಿತು: ನೀರಿನ ಔಷಧಿ ಬದಲಾದದ್ದು ಯಾವ ದಿನ, ಅದನ್ನು ಆಸ್ಪತ್ರೆಗೆ ತಿಳಿಸಿದ್ದು ಯಾವ ದಿನ?

ಹತ್ತು ದಿನದ ಮೇಲೆ ಉತ್ತರ ಬಂತು. ನೀರು ನಿಗದಿತ ಗುಣಮಟ್ಟದಲ್ಲಿದೆ. ಸಂಬಂಧಪಟ್ಟ ಎಲ್ಲರಿಗೂ ಸಕಾಲದಲ್ಲಿ ಮಾಹಿತಿ ನೀಡಲಾಗಿದೆ. ತಾರೀಖು ಎಲ್ಲೂ ಇರಲಿಲ್ಲ.

ಆ ಉತ್ತರ ಅವಳ ಕೈಚೀಲದಲ್ಲಿರುವಾಗಲೇ ಮೇಷ್ಟ್ರು ತೀರಿಕೊಂಡರು. ಡಯಾಲಿಸಿಸ್ ನಡೆಯುತ್ತಿರುವಾಗಲೇ, ಮಧ್ಯಾಹ್ನ, ಪಕ್ಕದ ಮಂಚದವರು ನಿದ್ದೆ ಬಂದಿದೆ ಅಂದುಕೊಂಡಿದ್ದಾಗ. ಹೃದಯಾಘಾತ ಎಂದು ಬರೆದರು. ಮೂತ್ರಪಿಂಡ ಹೋದವರ ಹೃದಯ ನಿಲ್ಲುವುದು ಅಪರೂಪವಲ್ಲ, ಹಾಗಾಗಿ ಯಾರೂ ಏನೂ ಕೇಳಲಿಲ್ಲ. ಅವತ್ತು ಮನೆಗೆ ಬಂದ ತಮ್ಮ, ತಮಾಷೆ ಮಾಡಲಿಲ್ಲ. ಮಂಚಕ್ಕೆ ಹೊಸ ಹೊದಿಕೆ ಹಾಸಿ ಅರ್ಧ ಗಂಟೆಯಲ್ಲಿ ಇನ್ನೊಬ್ಬರನ್ನು ಮಲಗಿಸಿದರು ಎಂದಷ್ಟೇ ಹೇಳಿದ.

ಕಂಡಕ್ಟ್ರಕ್ಕ ಸಮಿತಿಯ ಅಧ್ಯಕ್ಷರ ಬಳಿ ಹೋದಳು. ಅವರು ಮೊದಲು ದನದ ಡಾಕ್ಟರಾಗಿದ್ದವರು, ಯಾರ ಮನಸ್ಸನ್ನೂ ನೋಯಿಸದೆ ಬಾಳಿದವರು. ನೀರಿನ ಇಲಾಖೆಯೂ ಆಸ್ಪತ್ರೆಯೂ ಯಾರ ಕೈಕೆಳಗಿದ್ದವೋ ಆ ಕಾರ್ಯದರ್ಶಿಯನ್ನು ಸಮಿತಿಯ ಮುಂದೆ ಕರೆಸಬೇಕು ಎಂದಾಗ ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. ಸ್ವಂತ ಪಕ್ಷದ ಸರ್ಕಾರ, ಯೋಚನೆ ಮಾಡಿದ್ದೀಯೇನಮ್ಮ ಎಂದರು. ಕೊನೆಗೆ ಮುಂದಿನ ತಿಂಗಳ ಐದಕ್ಕೆ ದಿನ ಕೊಟ್ಟರು.

ನೋಟಿಸ್ ಹೋದ ಮರುದಿನ ಕಾರ್ಯದರ್ಶಿಗಳೇ ಸಭಾಭವನದ ಮೆಟ್ಟಿಲಲ್ಲಿ ಅವಳಿಗೆ ಎದುರಾದರು. ಇಸ್ತ್ರಿ ಮುರಿಯದ ಅಂಗಿ, ಮೆಲುದನಿ. ಅವಳ ಕೈಯಲ್ಲಿದ್ದ ಫೈಲನ್ನು ತಾವೇ ಇಸಿದುಕೊಂಡು ಜೊತೆಯಲ್ಲಿ ಮೆಟ್ಟಿಲಿಳಿದರು. ಘಟಕದ ಬಗ್ಗೆ ಅನುಮಾನ ಬಂದರೆ ಮುಚ್ಚಲೇಬೇಕಾಗುತ್ತದೆ, ಅದು ನಿಯಮ ಎಂದರು. ಅರವತ್ತೆಂಟು ರೋಗಿಗಳು. ಇನ್ನೊಂದು ಘಟಕ ಇರುವ ಊರು ಮೂರು ಗಂಟೆ ದಾರಿ. ಕೆಳಗಿನ ಮೆಟ್ಟಿಲಲ್ಲಿ ನಿಂತು ಫೈಲು ವಾಪಸು ಕೊಟ್ಟರು.

"ನಿಮ್ಮ ತಮ್ಮನೂ ಅಲ್ಲೇ ಬರ್ತಾರಲ್ವಾ ಮೇಡಂ? ಮಂಗಳವಾರ, ಗುರುವಾರ, ಶನಿವಾರ. ಎರಡನೇ ಪಾಳಿ, ಏಳನೇ ಮಂಚ. ಅವರನ್ನ ನಾವು ಚೆನ್ನಾಗಿ ನೋಡ್ಕೋತೀವಿ."

ಅವಳು ಹೂಂ ಎಂದಳು. ಕಾರು ಹೊರಟುಹೋದ ಮೇಲೂ ಅವಳು ಅಲ್ಲೇ ನಿಂತಿದ್ದಳು. ಮಂಚದ ಸಂಖ್ಯೆ ಅವಳಿಗೇ ಸರಿಯಾಗಿ ನೆನಪಿರಲಿಲ್ಲ.

ಮುಂದಿನ ಮಂಗಳವಾರ ತಮ್ಮ, ಆಸ್ಪತ್ರೆಯಿಂದ ನಡೆದುಕೊಂಡೇ ಮನೆಗೆ ಬಂದ. ಕೆನ್ನೆಯಲ್ಲಿ ಒಂದಿಷ್ಟು ಜೀವ ಇತ್ತು. ತನ್ನನ್ನು ಏಳನೇ ಮಂಚದಿಂದ ಪಕ್ಕದ ಚಿಕ್ಕ ಕೋಣೆಗೆ ಹಾಕಿದ್ದಾರೆ, ಅಲ್ಲಿ ಒಂದೇ ಮಂಚ, ಪರದೆ, ಫ್ಯಾನು ಎಲ್ಲ ಇದೆ ಎಂದು ಹೇಳಿದ. ಎಂಎಲ್‌ಎಗಿರಿ ಈಗ ಕೆಲಸಕ್ಕೆ ಬಂತು ನೋಡು ಎಂದು ಅಕ್ಕನನ್ನು ಚುಡಾಯಿಸಿದ. ಎರಡನೇ ವಾರಕ್ಕೆ ಅಂಗಡಿ ಪೂರ್ತಿ ದಿನ ತೆರೆಯಿತು. ಅವನ ಹೆಂಡತಿ ಬಹಳ ದಿನದ ಮೇಲೆ ಅಡುಗೆಮನೆಯಲ್ಲಿ ಹಾಡು ಗುನುಗಿದಳು. ಇದ್ದಿಲು ಬದಲಾಯಿಸಿರಬೇಕು, ನನ್ನ ಪ್ರಶ್ನೆಗೆ ಇಷ್ಟಾದರೂ ಫಲ ಸಿಕ್ಕಿತು ಎಂದು ಕಂಡಕ್ಟ್ರಕ್ಕನಿಗೆ ಸಮಾಧಾನವಾಯಿತು.

ಶನಿವಾರ ನೋಡಲು ಹೋದಳು. ದೊಡ್ಡ ವಾರ್ಡಿನಲ್ಲಿ ಹನ್ನೆರಡು ಮುಖ ಹಾಗೇ ಇದ್ದವು. ಇನ್ನೂ ಸೊರಗಿದ್ದವು. ಚಿಕ್ಕ ಕೋಣೆಯಲ್ಲಿ ತಮ್ಮ, ಕಾಲ ಮೇಲೆ ಕಾಲು ಹಾಕಿ ರೇಡಿಯೋ ಕೇಳುತ್ತಿದ್ದ. ಅವನ ಯಂತ್ರದ ಹಿಂದೆ, ಗೋಡೆಗೂ ಅದಕ್ಕೂ ನಡುವೆ, ಚಕ್ರವಿದ್ದ ಹೊಸ ಪೆಟ್ಟಿಗೆಯೊಂದು ಕೂತಿತ್ತು. ಗೋಡೆಯಿಂದ ಬಂದ ನೀರು ಮೊದಲು ಅದರೊಳಗೆ ಹೋಗಿ, ಆಮೇಲೆ ಯಂತ್ರಕ್ಕೆ ಹೋಗುತ್ತಿತ್ತು. ಒಂದು ಮಂಚಕ್ಕೆ ಸಾಲುವ ಶುದ್ಧೀಕರಣ ಯಂತ್ರ, ಒಳಗೆ ಹೊಸ ಇದ್ದಿಲು. ಟೆಕ್ನಿಷಿಯನ್ ಬಾಗಿಲಲ್ಲಿ ನಿಂತಿದ್ದ. ಅವಳು ಕೇಳುವ ಮೊದಲೇ ಮೆಲ್ಲಗೆ, ದೊಡ್ಡ ಟ್ಯಾಂಕು ಯಾರೂ ಮುಟ್ಟಿಲ್ಲ ಅಕ್ಕಾ ಎಂದ.

ಅವಳಿಗೆ ಅರ್ಥವಾಯಿತು. ನೀರು ಕೆಟ್ಟಿದೆ ಎಂಬುದು ಇಲಾಖೆಯವರಿಗೆ ಗೊತ್ತಿದೆ. ಗೊತ್ತಿದ್ದೇ ಒಬ್ಬನಿಗೆ ಮಾತ್ರ ಒಳ್ಳೆಯ ನೀರು ಕೊಟ್ಟಿದ್ದಾರೆ.

ನಾಲ್ಕನೇ ತಾರೀಖು ಸಂಜೆ ಅವಳು ತಮ್ಮನ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದಳು. ಅವನು ಕೈಯಲ್ಲಿದ್ದ ಗಾಜನ್ನು ಬಟ್ಟೆಯ ಮೇಲಿಟ್ಟ. ವಾರ್ಡಿನ ಒಬ್ಬೊಬ್ಬರೂ ಅವನಿಗೆ ಗೊತ್ತು. ಎಂಟನೇ ಮಂಚದ ಹೆಂಗಸಿಗೆ ಅವನೇ ಕನ್ನಡಕ ಮಾಡಿಕೊಟ್ಟಿದ್ದ. ಅವನು ಏನನ್ನುತ್ತಾನೆಂದು ತನಗೆ ಗೊತ್ತಿದೆ ಎಂದೇ ಅವಳು ಅಂದುಕೊಂಡಿದ್ದಳು.

"ಬೇಡ ಅಕ್ಕಾ," ಎಂದ.

ಅವಳು ತಲೆಯೆತ್ತಿ ಅವನನ್ನು ನೋಡಿದಳು.

"ಕೆಟ್ಟವನು ಅಂದ್ಕೋ ಪರವಾಗಿಲ್ಲ. ಈ ಎರಡು ವಾರ ನಾನು ಮೆಟ್ಟಿಲು ಹತ್ತಿದೀನಿ. ಊಟ ರುಚಿಯಾಗಿದೆ. ನನಗೆ ಬದುಕಬೇಕು. ಪ್ರಶ್ನೆ ಕೇಳು, ಬೇಡ ಅನ್ನಲ್ಲ. ಆದ್ರೆ ಆ ಕೋಣೆ ವಿಷಯ ಎತ್ತಬೇಡ."

ಕಂಡಕ್ಟ್ರಕ್ಕ ಎದ್ದು ಬಂದಳು. ಆಗಲಿ ಎಂದೂ ಹೇಳಲಿಲ್ಲ, ಆಗಲ್ಲ ಎಂದೂ ಹೇಳಲಿಲ್ಲ.

ಐದರಂದು ಬೆಳಿಗ್ಗೆ ಹತ್ತೂವರೆಗೆ ಸಮಿತಿ ಕೂಡಿತು. ಕುದುರೆಲಾಳದಂಥ ಮೇಜು, ಏಳು ಮೈಕು, ನಡುವೆ ಸಾಕ್ಷಿಯ ಕುರ್ಚಿ. ಕಾರ್ಯದರ್ಶಿಗಳು ನೀರಿನ ಲೋಟವನ್ನು ತಮಗೆ ಬೇಕಾದ ಜಾಗಕ್ಕೆ ಸರಿಸಿಕೊಂಡು ಕೂತರು. ಇಪ್ಪತ್ತು ನಿಮಿಷ ಅವರು ಓದಿದ್ದು ಮೊದಲ ಉತ್ತರದ್ದೇ ಉದ್ದನೆಯ ರೂಪ. ಆಸ್ಪತ್ರೆಗೆ ಬರೆದ ಪತ್ರದ ನಕಲನ್ನೂ ತಂದಿದ್ದರು. ಅದರ ಮೇಲಿದ್ದ ತಾರೀಖು ಔಷಧಿ ಬದಲಾಗುವುದಕ್ಕೆ ಮೂರು ದಿನ ಮುಂಚಿನದು. ಮೂವರು ಸದಸ್ಯರು ತಲೆದೂಗಿದರು. ಅಧ್ಯಕ್ಷರ ಮುಖ ಹಗುರಾಯಿತು.

ಕಂಡಕ್ಟ್ರಕ್ಕನ ಸರದಿ ಬಂದಾಗ ಗುಮಾಸ್ತೆ ಹಿಂದಿನಿಂದ ಬಂದು ಅವಳ ಮುಂದೆ ದಪ್ಪನೆಯ ಪುಸ್ತಕವೊಂದನ್ನು ತೆರೆದಿಟ್ಟು ಹೋದಳು. ನೀರಿನ ಇಲಾಖೆಯ ರವಾನೆ ಪುಸ್ತಕ. ಯಾವ ಪತ್ರ ಯಾವ ದಿನ ಕಚೇರಿ ಬಿಟ್ಟಿತು ಎಂದು ಬರೆದಿಡುವುದು. ಸಮಿತಿ ಕೇಳಿದ ಕಾಗದಗಳ ಪಟ್ಟಿಯ ಕೊನೆಯಲ್ಲಿ ಗುಮಾಸ್ತೆಯೇ ಅದನ್ನೂ ಸೇರಿಸಿದ್ದಳು. ಕಳಿಸಿದವರು ಪುಟ ತಿರುವಿ ನೋಡಿರಲಿಲ್ಲ.

"ಈ ಪತ್ರ ಕಚೇರಿಯಿಂದ ಹೊರಟಿದ್ದು ಯಾವತ್ತು ಸಾರ್?" ಎಂದು ಅವಳು ಕೇಳಿದಳು.

ಪತ್ರದ ಮೇಲೆಯೇ ಇದೆಯಲ್ಲ ಎಂದು ಅವರು ಹೇಳಿದರು.

"ಬರೆದ ದಿನ ಅಲ್ಲ, ಹೊರಟ ದಿನ. ನಿಮ್ಮ ಪುಸ್ತಕದಲ್ಲಿ ಬೇರೆ ಇದೆ. ನಾನು ಪ್ರಶ್ನೆ ಕೊಟ್ಟಿದ್ದು ಸೋಮವಾರ. ಪತ್ರ ಹೊರಟಿದ್ದು ಮರುದಿನ, ಮಂಗಳವಾರ. ಔಷಧಿ ಬದಲಾಗಿ ಅಷ್ಟೊತ್ತಿಗೆ ಇಪ್ಪತ್ತೊಂಬತ್ತು ದಿನ ಆಗಿತ್ತು."

ಕಾರ್ಯದರ್ಶಿಗಳು ಲೋಟ ಎತ್ತಿ ಒಂದು ಗುಟುಕು ಕುಡಿದರು. ರವಾನೆಯಲ್ಲಿ ವಿಳಂಬವಾಗಿರಬಹುದು, ಆದರೆ ನೀರಿನಿಂದ ರೋಗಿಗಳಿಗೆ ಅಪಾಯವಿತ್ತು ಎಂಬುದಕ್ಕೆ ಇಲಾಖೆಯ ಬಳಿ ಯಾವ ಆಧಾರವೂ ಇಲ್ಲ ಎಂದರು. ಅಪಾಯ ಇದೆ ಎಂದು ಅನ್ನಿಸಿದ್ದರೆ ಕ್ರಮ ಕೈಗೊಳ್ಳುತ್ತಿದ್ದೆವಲ್ಲ ಎಂದು ಅಧ್ಯಕ್ಷರ ಕಡೆ ತಿರುಗಿ ನಕ್ಕರು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಅಧ್ಯಕ್ಷರು ಆಗಲೇ ಮುಂದಿನ ಸದಸ್ಯರ ಕಡೆ ನೋಡುತ್ತಿದ್ದರು. ಅಂಗಡಿಯಲ್ಲಿ ಬಟ್ಟೆಯ ಮೇಲೆ ಗಾಜನ್ನಿಟ್ಟ ತಮ್ಮನ ಕೈ ಕಂಡಕ್ಟ್ರಕ್ಕನ ಕಣ್ಣಿಗೆ ಕಟ್ಟಿತು. ಅವಳು ಮೈಕಿನ ಗುಂಡಿಯಿಂದ ಬೆರಳು ತೆಗೆಯಲಿಲ್ಲ.

"ಹೋದ ತಿಂಗಳು ಹದಿನೆಂಟಕ್ಕೆ ಘಟಕದ ಪಕ್ಕದ ಕೋಣೆಗೆ ಬೇರೆ ಇದ್ದಿಲಿನ ಯಂತ್ರ ತಂದಿಟ್ರಿ. ಒಂದೇ ಮಂಚಕ್ಕೆ. ನೀರು ಚೆನ್ನಾಗಿದ್ರೆ ಅದು ಯಾಕೆ ಬೇಕಾಯ್ತು?"

ಒಬ್ಬ ರೋಗಿಯ ವಿಷಯವನ್ನು ಇಲ್ಲಿ ಚರ್ಚಿಸುವುದು ಸರಿಯಲ್ಲ, ಅದು ಗೌಪ್ಯ ಎಂದರು ಕಾರ್ಯದರ್ಶಿ. ಮೆಲುದನಿ ಹಾಗೇ ಇತ್ತು.

"ಆ ರೋಗಿ ನನ್ನ ತಮ್ಮ," ಎಂದಳು. "ಬರ್ಕೊಳ್ಳಿ. ಆರ್ಡರ್ ಯಾರದ್ದು, ಮಿಕ್ಕಿದವರಿಗೆ ಯಾಕಿಲ್ಲ, ಅಷ್ಟು ಹೇಳಿ."

ದನದ ಡಾಕ್ಟರು ಕಾರ್ಯದರ್ಶಿಯನ್ನು ಹೊಸಬರನ್ನು ನೋಡುವಂತೆ ನೋಡಿದರು. ಆಮೇಲೆ ಅವರೇ, ಉತ್ತರ ಕೊಡಿ ಎಂದರು.

ಕಾರ್ಯದರ್ಶಿಗಳು ಫೈಲು ಮುಚ್ಚಿದರು. ಸಮಿತಿಯ ಕಳವಳವನ್ನು ಸರ್ಕಾರ ಗಂಭೀರವಾಗಿ ಪರಿಗಣಿಸುತ್ತದೆ, ಕೇಳಿದ ವಿವರಗಳನ್ನು ಲಿಖಿತವಾಗಿ ಕೊಡುತ್ತೇವೆ, ರೋಗಿಗಳ ಸುರಕ್ಷತೆಯ ದೃಷ್ಟಿಯಿಂದ ಘಟಕವನ್ನು ಇವತ್ತು ಮಧ್ಯಾಹ್ನದಿಂದಲೇ ಮುಚ್ಚುತ್ತೇವೆ ಎಂದರು. ಎದ್ದು ಹೋಗುವಾಗ ಅವಳ ಕುರ್ಚಿಯ ಬಳಿ ಒಂದು ಕ್ಷಣ ನಿಂತು ತಲೆಬಾಗಿ ನಮಸ್ಕಾರ ಮಾಡಿದರು.

ಎರಡು ಗಂಟೆಗೆ ಘಟಕಕ್ಕೆ ಬೀಗ ಬಿತ್ತು. 'ಸದಸ್ಯೆಯ ದೂರಿನ ಮೇರೆಗೆ' ಎಂದು ಬಾಗಿಲಿಗೆ ಕಾಗದ ಅಂಟಿಸಿದ್ದರು. ಅರವತ್ತೆಂಟು ಜನರನ್ನು ನಾಲ್ಕು ವ್ಯಾನುಗಳಲ್ಲಿ ತುಂಬಿ ಮೂರು ಗಂಟೆ ದೂರದ ಊರಿಗೆ ಕಳಿಸತೊಡಗಿದರು. ಹೋಗಲು ಮೂರು, ಕಾಯಲು ಎರಡು, ಯಂತ್ರದ ಬಳಿ ನಾಲ್ಕು, ಬರಲು ಮೂರು. ಎಂಟನೇ ಮಂಚದ ಹೆಂಗಸಿನ ಮಗಳು ಬೀದಿಯಲ್ಲಿ ಕಂಡಕ್ಟ್ರಕ್ಕನನ್ನು ತಡೆದು, ನಮ್ಮಮ್ಮ ಏನು ಮಾಡಿದ್ದಳು ನಿಮಗೆ ಎಂದು ಕೇಳಿದಳು. ಮನೆಯಲ್ಲಿ ತಮ್ಮನ ಹೆಂಡತಿ ಅವಳ ಮುಖ ನೋಡುವುದನ್ನು ಬಿಟ್ಟಳು. ಅತ್ತಿಗೆ ಎಂದು ಕರೆಯುವುದನ್ನೂ ಬಿಟ್ಟಳು. ತಟ್ಟೆ ಇಟ್ಟು ಒಳಗೆ ಹೋಗುತ್ತಿದ್ದಳು. ತಮ್ಮ ಒಂದು ಮಾತೂ ಆಡಲಿಲ್ಲ.

ಹತ್ತೊಂಬತ್ತು ದಿನ ಹಾಗೆ ನಡೆಯಿತು. ಅಷ್ಟರಲ್ಲಿ ಇಬ್ಬರು ಸತ್ತರು. ಒಬ್ಬರು ವ್ಯಾನಿನಲ್ಲೇ. ಟೆಕ್ನಿಷಿಯನ್‌ನನ್ನು ಬೇರೆ ಊರಿನ ಆಸ್ಪತ್ರೆಯ ಹೊದಿಕೆಗಳ ಉಗ್ರಾಣಕ್ಕೆ ವರ್ಗ ಮಾಡಿದರು. ಸಮಿತಿ ಕೇಳಿದ ಕಾಗದಗಳು ಒಂದೊಂದಾಗಿ ಬಂದವು. ಕೆಟ್ಟ ನೀರು ಹರಿದ ಅಷ್ಟೂ ದಿನದಲ್ಲಿ ಘಟಕದ ರೋಗಿಗಳಲ್ಲಿ ಐದು ಜನ ತೀರಿಕೊಂಡಿದ್ದರು. ಹಿಂದಿನ ವರ್ಷ ಅದೇ ಎರಡು ತಿಂಗಳಲ್ಲಿ ತೀರಿಕೊಂಡವರು ಒಬ್ಬರು. ಐದಕ್ಕೂ ಹೃದಯಾಘಾತ ಎಂದೇ ಬರೆದಿತ್ತು. ನೀರಿನಿಂದಲೇ ಸತ್ತರು ಎಂದು ಹೇಳಲು ಈಗ ಯಾರಿಗೂ ಸಾಧ್ಯವಿರಲಿಲ್ಲ, ಅಲ್ಲ ಎಂದು ಹೇಳಲೂ ಸಾಧ್ಯವಿರಲಿಲ್ಲ. ಅಧ್ಯಕ್ಷರು ವರದಿಯಲ್ಲಿ ಈ ಎರಡೂ ಮಾತನ್ನು ಬರೆದು, ಇಲಾಖೆ ಸಮಿತಿಗೆ ಸುಳ್ಳು ಹೇಳಿತು ಎಂಬ ಸಾಲನ್ನೂ ಸೇರಿಸಿದರು. ಆ ಸಾಲನ್ನು ತೆಗೆಸಲು ಮೂವರು ಮಂತ್ರಿಗಳು ಫೋನು ಮಾಡಿದ್ದರಂತೆ. ಅವರು ತೆಗೆಯಲಿಲ್ಲ.

ಇಪ್ಪತ್ತನೇ ದಿನ ಹೊಸ ಇದ್ದಿಲಿನ ಟ್ಯಾಂಕುಗಳೊಂದಿಗೆ ಘಟಕ ತೆರೆಯಿತು. ತಮ್ಮ ಏಳನೇ ಮಂಚಕ್ಕೆ ಮರಳಿದ. ಅವತ್ತು ಅಕ್ಕ ಅವನನ್ನು ಕರೆತರಲು ಹೋಗಿದ್ದಳು. ಆಸ್ಪತ್ರೆಯ ಗೇಟಿನ ತನಕ ಇಬ್ಬರೂ ನಡೆದರು. ಅಲ್ಲಿ ಅವನು ಉಸಿರು ತೆಗೆದುಕೊಳ್ಳಲು ನಿಂತ.

"ನಾನು ಬೇಡ ಅಂದಿದ್ದೆ."

"ಹೂಂ."

"ಇನ್ನೊಂದ್ಸಲ ಹಂಗೇ ಆದ್ರೆ ಕೇಳ್ತೀಯಾ?"

ಕೇಳ್ತೀನಿ ಎಂದಳು.

"ಗೊತ್ತು," ಎಂದ ಅವನು. "ಅದಕ್ಕೇ ನಿನ್ನ ಕಂಡ್ರೆ ಭಯ ಆಗುತ್ತೆ." ಆಮೇಲೆ ನಡೆಯಲು ಅವಳ ತೋಳು ಹಿಡಿದುಕೊಂಡ.

ವರದಿಗೆ ಸರ್ಕಾರದ ಉತ್ತರ, ಅದಕ್ಕಿದ್ದ ಎರಡು ತಿಂಗಳ ಗಡುವಿನ ಕೊನೆಯ ದಿನ ಬಂತು. ಶಿಫಾರಸುಗಳನ್ನು ತಾತ್ವಿಕವಾಗಿ ಒಪ್ಪಲಾಗಿದೆ ಎಂದು ಅದರಲ್ಲಿತ್ತು. ಅದೇ ವಾರ ಪಕ್ಷ ಕಂಡಕ್ಟ್ರಕ್ಕನನ್ನು ಸಮಿತಿಯಿಂದ ತೆಗೆದು ಗ್ರಂಥಾಲಯ ಸಮಿತಿಗೆ ಹಾಕಿತು. ಕಾರ್ಯದರ್ಶಿಗಳು ಬಡ್ತಿಯ ಮೇಲೆ ರಾಜಧಾನಿಗೆ ಹೋದರು.

ಗುಮಾಸ್ತೆ ಅವಳ ಮೇಜಿನ ಸಾಮಾನು ಕಟ್ಟಿಕೊಡುವಾಗ ಉತ್ತರದ ಕೊನೆಯ ಪುಟವನ್ನು ತೆಗೆದು ಕೈಯಲ್ಲಿಟ್ಟಳು. ಯಾರೂ ಓದದ ಅನುಬಂಧ. ಹೊಸ ಔಷಧಿಯನ್ನು ಮುಂದೆ ವಿಸ್ತರಿಸಲಿರುವ ಆರು ಊರುಗಳ ಹೆಸರು, ಪ್ರತಿಯೊಂದರ ಎದುರು ತಾರೀಖು. ಮೊದಲ ಊರಿನ ತಾರೀಖು ಕಳೆದು ಒಂಬತ್ತು ದಿನವಾಗಿತ್ತು.

ಅವಳು ಕುರ್ಚಿಯ ತುದಿಯಲ್ಲಿ ಕೂತು ಆ ಊರಿನ ಆಸ್ಪತ್ರೆಗೆ ಫೋನು ಮಾಡಿದಳು. ಡಯಾಲಿಸಿಸ್ ಘಟಕಕ್ಕೆ ಕೊಡಿ ಎಂದಳು. ಬಹಳ ಹೊತ್ತಿನ ಮೇಲೆ ಎಳೆಯ ದನಿಯ ನರ್ಸ್ ಒಬ್ಬಳು ಸಿಕ್ಕಿದಳು. ನೀರಿನ ಇಲಾಖೆಯಿಂದ ನಿಮಗೆ ಪತ್ರ ಬಂದಿದೆಯಾ ಎಂದು ಕಂಡಕ್ಟ್ರಕ್ಕ ಕೇಳಿದಳು.

"ನೀರಿನ ಪತ್ರನಾ? ನಮಗೆ ಯಾರೂ ಏನೂ ಹೇಳಿಲ್ವಲ್ಲ ಮೇಡಂ."

ಈಗ ಎಷ್ಟು ಜನ ಯಂತ್ರದಲ್ಲಿದ್ದಾರೆ ಎಂದು ಕೇಳಿದಳು. ಎಂಟು ಜನ, ಎಲ್ಲ ಚೆನ್ನಾಗಿದ್ದಾರೆ, ಎರಡು ದಿನದಿಂದ ಯಾಕೋ ಸುಸ್ತು ಸುಸ್ತು ಅಂತಿದ್ದಾರೆ ಅಷ್ಟೇ ಎಂದು ಆ ಹುಡುಗಿ ಹೇಳಿದಳು. ನೀವು ಯಾರು ಮಾತಾಡೋದು ಎಂದು ವಿಚಾರಿಸಿದಳು. ಕಂಡಕ್ಟ್ರಕ್ಕ ಯಾವ ಸಮಿತಿಯ ಹೆಸರು ಹೇಳಲಿ ಎಂದು ಒಂದು ಕ್ಷಣ ತಡವರಿಸಿದಳು.